ಟೆಂಡರ್ ಇಲ್ಲದ ದಿನಗಳು

2025ರ ನವೆಂಬರ್ 13, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ತಿಪಟೂರಿನ ಆಸ್ಪತ್ರೆಯೊಂದರಲ್ಲಿ ವಿಮಲಮ್ಮ ಡಯಾಲಿಸಿಸ್ ಮುಗಿಸಿ ಹೊರಗೆ ಬಂದು, ಬಾಗಿಲ ಪಕ್ಕದ ತೂಕದ ಯಂತ್ರದ ಮೇಲೆ ನಿಂತಳು. ಗಂಡ ಬೆಟ್ಟಸ್ವಾಮಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ನಲವತ್ತೆಂಟು ಕೆಜಿ ಇನ್ನೂರು ಗ್ರಾಂ.

“ಅಷ್ಟೇ ಐತೆ. ಸೋಮವಾರನೂ ಇಷ್ಟೇ, ಹೋದ ವಾರನೂ ಇಷ್ಟೇ. ಒಂಚೂರೂ ಅಲ್ಲಾಡಿಲ್ಲ ನೋಡು.”

“ನಾನೇನು ಕೊಬ್ಬರಿ ಚೀಲವಾ, ಪ್ರತಿ ಸಲ ಹಿಂಗೆ ಬಗ್ಗಿ ನೋಡೋಕೆ?”

“ಚೀಲ ಆಗಿದ್ರೆ ಇಷ್ಟೊತ್ತಿಗೆ ಲಾರಿ ಹತ್ತುಸ್ತಿದ್ದೆ ಕಣೇ.”

ನರ್ಸ್ ಅನಿತಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಯಜಮಾನ್ರೇ, ಅಮ್ಮ ಬೆಳಿಗ್ಗೆ ಬರೋವಾಗ...” ಎಂದು ಶುರುಮಾಡಿದಳು. ವಿಮಲಮ್ಮ ಅವಳ ಮುಖವನ್ನೇ ನೋಡಿದಳು. ಅನಿತಾ ಮಾತು ತಿರುಗಿಸಿ, “ನೀರು ಕಡಿಮೆ ಕುಡೀಲಿ ಅಂತ ಹೇಳ್ತಿದ್ದೆ,” ಎಂದಳು. ಅದು ಎಲ್ಲ ರೋಗಿಗಳಿಗೂ ಹೇಳುವ ಮಾತು. ಬೆಟ್ಟಸ್ವಾಮಿ ತಲೆಯಾಡಿಸಿ, ಹೆಂಡತಿಯನ್ನು ಆಟೋದಲ್ಲಿ ಮನೆಗೆ ಬಿಟ್ಟು, ಟೆಂಡರ್ ಹೊತ್ತಾಯಿತೆಂದು ಮಂಡಿಗೆ ಓಡಿದ.

ಮಾರುಕಟ್ಟೆಯ ಪ್ರಾಂಗಣದಲ್ಲಿ ಅವನದು ತಂದೆಯ ಕಾಲದ ಮಂಡಿ. ರೈತರು ತಂದ ಉಂಡೆ ಕೊಬ್ಬರಿ ಕೊಂಡು, ಗಾತ್ರ ನೋಡಿ ಆರಿಸಿ, ಚೀಲ ಹೊಲಿಸಿ ಉತ್ತರದ ಊರುಗಳಿಗೆ ಲಾರಿ ತುಂಬಿಸುವ ವ್ಯಾಪಾರ. ಟೆಂಡರ್ ಸೋಮವಾರ ಮತ್ತು ಗುರುವಾರ. ಬೆಳಿಗ್ಗೆ ವರ್ತಕರೆಲ್ಲ ರಾಶಿಯಿಂದ ರಾಶಿಗೆ ತಿರುಗಿ ಲಾಟು ನೋಡುತ್ತಾರೆ, ಕಂಪ್ಯೂಟರಿನಲ್ಲಿ ತಮ್ಮ ತಮ್ಮ ದರ ಹಾಕುತ್ತಾರೆ, ಆಮೇಲೆ ಯಾವ ಲಾಟು ಯಾರಿಗೆ ಎಷ್ಟಕ್ಕೆ ಎಂಬುದು ತೆರೆಯುತ್ತದೆ. ಒಮ್ಮೆ ತೆರೆದರೆ ಮುಂದಿನ ಟೆಂಡರ್‌ವರೆಗೆ ಅದೇ ಊರಿನ ದರ. ಬುಧವಾರ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುವವರನ್ನು ಕೇಳಿದರೂ ಸೋಮವಾರದ ದರವನ್ನೇ ಹೇಳುತ್ತಾರೆ. ಹೇಳಿದವರೂ ಸುಳ್ಳು ಹೇಳಿದ ಹಾಗಲ್ಲ, ಕೇಳಿದವರೂ ಮೋಸಹೋದ ಹಾಗಲ್ಲ. ಹಿಂದೆ ಟೆಂಡರಿನ ದಿನಗಳು ಬೇರೆ ಇದ್ದವು, ಆದರೆ ಆಗಲೂ ವಾರಕ್ಕೆ ಎರಡೇ. ಹೀಗೆ ಬಾಳಿದ ಮನುಷ್ಯನಿಗೆ ಅಂಕಿ ಎಂಬುದು ವಾರಕ್ಕೆರಡು ಸಲ ಹುಟ್ಟಿ, ನಡುವಿನ ದಿನಗಳಲ್ಲಿ ನಿಂತಲ್ಲೇ ನಿಂತಿರುವ ವಸ್ತು.

ವಿಮಲಮ್ಮನ ಡಯಾಲಿಸಿಸ್ ಕೂಡ ಸೋಮವಾರ, ಗುರುವಾರವೇ. ಬೆಳಿಗ್ಗೆ ಏಳಕ್ಕೆ ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಅವನು ಲಾಟು ನೋಡಲು ಹೋಗುತ್ತಿದ್ದ. ಮುಗಿಯುವ ಹೊತ್ತಿಗೆ ಬಂದು ತೂಕ ನೋಡುತ್ತಿದ್ದ. ತಾನು ನೋಡುವುದು ಮೈಯ ನೀರು ತೆಗೆದ ಮೇಲಿನ ತೂಕ ಎಂಬುದು ಅವನಿಗೆ ಗೊತ್ತಿತ್ತು. ಆ ನೀರು ಅಂದು ಸಂಜೆಯಿಂದಲೇ ಮತ್ತೆ ತುಂಬತೊಡಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಗೊತ್ತಿದ್ದದ್ದೆಲ್ಲ ಮನಸ್ಸಿಗೆ ಇಳಿದಿರುವುದಿಲ್ಲ. ಬೇಸಿಗೆಯಲ್ಲಿ ಡಾಕ್ಟರು “ವಾರಕ್ಕೆ ಮೂರು ಸಲ ಮಾಡಿಸಿದರೆ ಒಳ್ಳೆಯದು, ಹೃದಯಕ್ಕೆ ಭಾರ ಕಡಿಮೆಯಾಗುತ್ತದೆ” ಎಂದಾಗ ವಿಮಲಮ್ಮ “ಎರಡೇ ಸಾಕು, ನಾನು ಚೆನ್ನಾಗೇ ಇದೀನಿ” ಎಂದಿದ್ದಳು. ಬೆಟ್ಟಸ್ವಾಮಿ ತೂಕವನ್ನು ಸಾಕ್ಷಿಗೆ ಕರೆದಿದ್ದ. ಅಲ್ಲಾಡದ ತೂಕಕ್ಕಿಂತ ದೊಡ್ಡ ಸಾಕ್ಷಿ ಅವನ ಬಳಿ ಇರಲಿಲ್ಲ.

ಅಂದು ಟೆಂಡರ್ ಮುಗಿದ ಮೇಲೆ ಅವನು ಮೊಬೈಲ್ ತೆಗೆದು ಇನ್ನೊಂದು ಅಂಕಿ ನೋಡಿದ. ಅದು ಮಗಳು ಸಿಂಧು ಹಚ್ಚಿಸಿದ ಚಟ. ಸಿಂಧು ತುರುವೇಕೆರೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ಗಂಡನ ಮನೆಯೂ ಅಲ್ಲೇ. ಆಸ್ಪತ್ರೆಯ ಯೋಚನೆಯಿಂದ ಅಪ್ಪನ ಮನಸ್ಸು ಸ್ವಲ್ಪ ಆಚೆ ಹೋಗಲಿ ಎಂದು ಯುಗಾದಿಯಲ್ಲಿ ಅವನ ಹೆಸರಿಗೆ ಒಂದು ಕಂಪನಿಯ ಕೆಲವು ಷೇರು ಕೊಡಿಸಿದ್ದಳು. ಕಂಪ್ಯೂಟರ್ ಚಿಪ್ ವಿನ್ಯಾಸ ಮಾಡುವ ಕಂಪನಿ. “ಚಿಪ್ಪು ಬೇಕಾದ್ರೆ ನಮ್ಮ ಹಿತ್ತಲಲ್ಲಿ ರಾಶಿ ಬಿದ್ದೈತಲ್ಲ, ದುಡ್ಡು ಕೊಟ್ಟು ಯಾಕೆ ತಗೊಂಡ್ಲು?” ಎಂದು ವಿಮಲಮ್ಮ ಅಂದೇ ಅದಕ್ಕೆ ಹೆಸರಿಟ್ಟಿದ್ದಳು. ಮನೆಯಲ್ಲಿ ಅದು ಚಿಪ್ಪಿನ ಕಂಪನಿ.

ಆ ಷೇರು ಬಲು ಚಂಚಲ ಎಂದು ಸಿಂಧು ಮೊದಲೇ ಎಚ್ಚರಿಸಿದ್ದಳು. ಬೆಟ್ಟಸ್ವಾಮಿಗೆ ಹಾಗೆ ಕಾಣಲಿಲ್ಲ. ಅವನು ನೋಡುತ್ತಿದ್ದದ್ದು ಟೆಂಡರ್ ದಿನಗಳಲ್ಲಿ, ಮಧ್ಯಾಹ್ನದ ಮೇಲೆ. ಮೂರು ವಾರದಿಂದ ಆರುನೂರ ಹತ್ತರ ಆಸುಪಾಸಿನಲ್ಲೇ ಇತ್ತು. ಈ ಗುರುವಾರ ಆರುನೂರ ಹದಿನಾಲ್ಕು.

“ನೋಡಯ್ಯ ಗಂಗರಾಜು,” ಎಂದು ಮಂಡಿಯ ಗುಮಾಸ್ತನಿಗೆ ಮೊಬೈಲ್ ತೋರಿಸಿದ. “ನನ್ನ ಮಗಳು ಇದು ಕುಣೀತದೆ ಅಂದ್ಲು. ಎಲ್ಲಿ ಕುಣೀತಾ ಐತೆ? ನಮ್ಮ ವಿಮಲನ ತೂಕದಂಗೆ ನಿಂತೈತೆ.”

“ಎರಡೂ ಹಂಗೇ ಇರ್ಲಿ ಬುಡಿ, ಯಜಮಾನ್ರೇ,” ಎಂದ ಗಂಗರಾಜು.

ಭಾನುವಾರ ಬೆಳಿಗ್ಗೆ ಬೆಟ್ಟಸ್ವಾಮಿ ಬಿಳಿಗೆರೆಯ ತೋಟಕ್ಕೆ ಹೋಗಿ ಹತ್ತು ಗಂಟೆಗೆ ವಾಪಸ್ಸು ಬಂದಾಗ ಸಿಂಧುವಿನ ಕಾರು ಬಾಗಿಲಲ್ಲಿತ್ತು. ಮಗಳು ಒಲೆಯ ಮುಂದೆ ನಿಂತು ತಟ್ಟೆ ಇಡ್ಲಿ ಬೇಯಿಸುತ್ತಿದ್ದಳು. ವಿಮಲಮ್ಮ ನಡುಮನೆಯಲ್ಲಿ ಗೋಡೆಗೊರಗಿ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕೂತಿದ್ದಳು. ಮಗಳು ಬಂದರೆ ಬಾಗಿಲಿಗೆ ಬರುವವಳು, ಅಡುಗೆಮನೆಯನ್ನು ಬಿಟ್ಟುಕೊಡದವಳು.

“ಅಪ್ಪಾಜಿ, ಅಮ್ಮ ಚೆನ್ನಾಗಿಲ್ಲ,” ಎಂದಳು ಸಿಂಧು ದನಿ ತಗ್ಗಿಸಿ. “ನಾಲ್ಕು ಮಾತಾಡಿದ್ರೆ ಉಸಿರು ಹಿಡೀತಿದೆ.”

“ಸೆಕೆ ಕಣವ್ವ.”

“ಕಾರ್ತೀಕದಲ್ಲಿ ಯಾವ ಸೆಕೆ?”

“ಗುರುವಾರ ನಲವತ್ತೆಂಟು ಇನ್ನೂರು ಐತೆ. ನಾನೇ ನೋಡಿದೀನಿ.”

“ಗುರುವಾರದ್ದು ಗುರುವಾರ ಆಯ್ತು. ಇವತ್ತು ಎಷ್ಟಿದೆ?”

ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತು. “ಇವತ್ತು ಎಷ್ಟಿರ್ತದೆ? ಅಷ್ಟೇ. ನಾಳೆ ತಾನೆ ಮತ್ತೆ ನೋಡೋದು.” ಮಗಳು ಪ್ರತಿ ಭಾನುವಾರ ಬಂದು ಇದನ್ನೇ ಹೇಳುತ್ತಾಳೆ ಎಂದು ಅವನಿಗೆ ಸಿಟ್ಟೂ ಬಂತು. “ನೀನು ಬಾ, ಕೂತ್ಕೋ. ನೀನು ಹೇಳಿದ್ದೆಲ್ಲ ನಿಜ ಆಗಲ್ಲ. ಆ ಚಿಪ್ಪಿನ ಕಂಪನಿ ಕುಣೀತದೆ ಅಂದಿದ್ದೆ. ಎಲ್ಲಿ ಕುಣೀತು? ಆರುನೂರ ಹದಿನಾಲ್ಕು, ಕೂತಲ್ಲೇ ಕೂತೈತೆ.”

ಸಿಂಧು ಒಲೆ ಸಣ್ಣ ಮಾಡಿ ಬಂದಳು. “ಆರುನೂರ ಹದಿನಾಲ್ಕಾ? ಶುಕ್ರವಾರ ಐನೂರ ಐವತ್ತೆಂಟಕ್ಕೆ ಮುಗಿದಿದೆ, ಅಪ್ಪಾಜಿ.”

“ಗುರುವಾರ ನಾನೇ ನೋಡಿದ್ನಲ್ಲ!”

“ಗುರುವಾರ ಇತ್ತು. ಅದಾದ ಮೇಲೆ ಒಂದು ದಿನ ಬಂತಲ್ಲ.” ಅವಳು ಮೊಬೈಲಿನಲ್ಲಿ ಚಾರ್ಟ್ ತೆರೆದು ಅವನ ಮುಂದೆ ಹಿಡಿದಳು. ಅವನು ಇದುವರೆಗೆ ಅಂಕಿಯನ್ನು ಮಾತ್ರ ನೋಡಿದ್ದ, ಚಿತ್ರ ನೋಡಿರಲಿಲ್ಲ. ಕೆಂಪು ಹಸಿರು ಕಡ್ಡಿಗಳು, ಒಂದೊಂದಕ್ಕೂ ಮೇಲೆ ಕೆಳಗೆ ಬತ್ತಿಯಂಥ ಗೆರೆ.

“ಒಂದೊಂದು ಕಡ್ಡಿ ಒಂದೊಂದು ದಿನ. ದಪ್ಪ ಭಾಗ ಶುರುವಾದ ಬೆಲೆಯಿಂದ ಮುಗಿದ ಬೆಲೆವರೆಗೆ. ಬತ್ತಿ ಇದೆಯಲ್ಲ, ಅದು ಆ ದಿನದಲ್ಲಿ ಎಲ್ಲಿವರೆಗೂ ಹೋಗಿ ಬಂತು ಅನ್ನೋದು. ಇದು ಸೋಮವಾರ, ಆರುನೂರ ಹನ್ನೆರಡು. ಮಂಗಳವಾರ ನೋಡಿ, ಐನೂರ ನಲವತ್ತೆಂಟು ಮುಟ್ಟಿದೆ.”

“ಯಾಕೆ? ಮಾಲು ಜಾಸ್ತಿ ಬಂತಾ, ಆವಕ ಹೆಚ್ಚಾಯ್ತಾ?”

ಸಿಂಧು ನಕ್ಕಳು, ಆದರೆ ಅಪ್ಪನ ಪ್ರಶ್ನೆ ಅಷ್ಟು ದಡ್ಡದ್ದೇನಲ್ಲ. “ಒಂಥರಾ ಆವಕನೇ. ದೊಡ್ಡ ಆರ್ಡರ್ ಒಂದು ಕೈತಪ್ಪಿತು ಅಂತ ಸುದ್ದಿ ಹಬ್ಬಿತು. ಹೆದರಿಕೊಂಡೋರು ಮಾರಿದ್ರು. ಈ ಕಂಪನೀಲಿ ಕೈಯಿಂದ ಕೈಗೆ ಓಡಾಡೋ ಷೇರೇ ಕಡಿಮೆ, ಹತ್ತು ಜನ ಮಾರಿದ್ರೂ ಬೆಲೆ ಜಾರುತ್ತೆ. ಇಷ್ಟರ ಕೆಳಗೆ ಬಂದ್ರೆ ತಾನಾಗೇ ಮಾರಿಬಿಡು ಅಂತ ಮೊದಲೇ ಹೇಳಿಟ್ಟಿರೋರು ಇರ್ತಾರೆ, ಅವರ ಷೇರೂ ಮಾರಾಟಕ್ಕೆ ಬೀಳುತ್ತೆ. ಅದರಿಂದ ಇನ್ನೂ ಕೆಳಗೆ. ಬುಧವಾರ ಕಂಪನಿಯವರು ಅಂಥದ್ದೇನಿಲ್ಲ ಅಂದ್ರು. ಏರಿತು. ಗುರುವಾರ ನೀವು ನೋಡೋ ಹೊತ್ತಿಗೆ ಮೊದಲಿದ್ದ ಜಾಗಕ್ಕೇ ಬಂದು ಕೂತಿದೆ.”

“ಶುಕ್ರವಾರ ಯಾಕೆ ಬಿತ್ತು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಹೆಂಗೆ? ಬೆಲೆ ಬಿದ್ದದ್ದಕ್ಕೆ ಕಾರಣ ಇರಬೇಕು ಕಣಮ್ಮ.”

“ಬಹಳಷ್ಟು ಸಲ ಇರಲ್ಲ, ಅಪ್ಪಾಜಿ. ಸಾಯಂಕಾಲ ಟೀವಿಯವರು ಒಂದು ಕಾರಣ ಹುಡುಕಿ ಕೊಡ್ತಾರೆ. ಒಂದೆರಡು ದಿನದ ಏರಿಳಿತದಲ್ಲಿ ಅರ್ಥ ಹುಡುಕೋಕೆ ಹೋದ್ರೆ ಸುಮ್ನೆ ನಂಬಿಕೆ ಕಟ್ಟಿಕೊಂಡ ಹಾಗೆ. ಅದು ಎಷ್ಟು ಅಗಲಕ್ಕೆ ಓಲಾಡುತ್ತೆ ಅನ್ನೋದನ್ನ ಮಾತ್ರ ತಿಳ್ಕೋಬಹುದು. ನೀವು ಅದನ್ನೇ ನೋಡಿಲ್ಲ. ಉಯ್ಯಾಲೆ ಈ ಕಡೆಗೆ ಬಂದಾಗಲೇ ಕಣ್ಣು ಬಿಟ್ಟು ನೋಡಿ, ನಿಂತಿದೆ ಅಂದ್ರಿ.”

ಬೆಟ್ಟಸ್ವಾಮಿ ಮೊಬೈಲನ್ನು ಕೈಗೆ ತೆಗೆದುಕೊಂಡ. ಸೋಮವಾರದ ಕಡ್ಡಿ, ಗುರುವಾರದ ಕಡ್ಡಿ. ಅದಕ್ಕೂ ಹಿಂದಿನ ಸೋಮವಾರ, ಗುರುವಾರ. ಬೆರಳಿಟ್ಟು ನೋಡಿದರೆ ಅವೆಲ್ಲ ಒಂದೇ ಎತ್ತರದಲ್ಲಿದ್ದವು, ಅವನು ಕಂಡಿದ್ದು ಸುಳ್ಳಲ್ಲ. ಅವುಗಳ ನಡುವೆ ಕಡ್ಡಿಗಳು ಪಾತಾಳಕ್ಕೆ ಇಳಿದು ಮತ್ತೆ ಹತ್ತಿಕೊಂಡು ಬಂದಿದ್ದವು. ತಾನು ಕೊಬ್ಬರಿ ಚೀಲದಿಂದ ಮೂರು ಉಂಡೆ ತೆಗೆದು ಒಡೆದು ಇಡೀ ಲಾಟಿಗೆ ದರ ಹಾಕುವವನು. ಚೀಲದೊಳಗಿನ ಉಂಡೆ ಒಣಗಿ ಆಗಿರುತ್ತದೆ, ತಾನು ನೋಡದಿದ್ದರೂ ಅದು ಅದೇ ಆಗಿರುತ್ತದೆ. ಇಲ್ಲಿ ಹಾಗಿಲ್ಲ.

“ಸೋಮವಾರ, ಗುರುವಾರ,” ಎಂದ ತನ್ನಷ್ಟಕ್ಕೆ.

“ಏನು, ಅಪ್ಪಾಜಿ?”

ಅವನು ಮೊಬೈಲನ್ನು ಅವಳ ಕೈಗೆ ಕೊಟ್ಟು ನಡುಮನೆಗೆ ಹೋದ. ವಿಮಲಮ್ಮ ಕಣ್ಣು ಮುಚ್ಚಿದ್ದಳು. ಅವನು ಅವಳ ಕಾಲ ಬಳಿ ನೆಲದ ಮೇಲೆ ಕೂತು, ಸೀರೆಯ ಅಂಚನ್ನು ಒಂದಿಷ್ಟು ಸರಿಸಿ, ಮೊಳಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದ. ಹಸಿ ಇರುವ ಕೊಬ್ಬರಿಯನ್ನು ಅವನು ಹೀಗೆಯೇ ಒತ್ತಿ ಹಿಡಿಯುತ್ತಿದ್ದದ್ದು. ಬೆರಳು ತೆಗೆದ. ಗುಳಿ ಹಾಗೆಯೇ ಉಳಿಯಿತು.

“ಏನ್ರೀ ಇದು, ಮಗಳು ಅಲ್ಲೇ ನಿಂತವ್ಳೆ,” ಎಂದಳು ವಿಮಲಮ್ಮ, ಸೀರೆ ಎಳೆದುಕೊಳ್ಳುತ್ತ.

“ಯಾವಾಗಿಂದ ಹಿಂಗೆ?”

“ಹೆಂಗೆ?”

“ನೀನು ಮಲಗೋದು ಯಾವಾಗ ಬಿಟ್ಟೆ, ವಿಮಲಾ? ನಾನು ಎದ್ದು ತೋಟಕ್ಕೆ ಹೋಗೋವಾಗೆಲ್ಲ ನೀನು ಕೂತೇ ಇರ್ತೀಯ. ಬೇಗ ಎದ್ದಿದೀಯ ಅನ್ಕೋತಿದ್ದೆ.”

ವಿಮಲಮ್ಮ ಅವನ ಹಿಂದೆ ನಿಂತಿದ್ದ ಮಗಳನ್ನೊಮ್ಮೆ ನೋಡಿದಳು. “ಮಲಗಿದ್ರೆ ಎದೆ ಮೇಲೆ ಯಾರೋ ಕೂತಂಗಾಗ್ತದೆ. ಡಯಾಲಿಸಿಸ್ ಆದ ದಿನ ಮಲಗ್ತೀನಿ. ಮಾರನೇ ದಿನನೂ ಪರವಾಗಿಲ್ಲ. ಶನಿವಾರ, ಭಾನುವಾರ ಸ್ವಲ್ಪ ಕಷ್ಟ. ಗುರುವಾರದಿಂದ ಸೋಮವಾರಕ್ಕೆ ದೂರ ಅಲ್ವಾ? ಈ ದೀಪಾವಳಿಗೂ ಮುಂಚಿಂದ ಹಂಗೇ.”

“ನಂಗೆ ಹೇಳ್ಬಾರ್ದಾ?”

“ಹೇಳಿದ್ರೆ ಮೂರು ಸಲ ಮಾಡ್ಸೋಣ ಅಂತೀರ. ಮೂರನೇ ಸಲಕ್ಕೆ ಇಲ್ಲಿ ಜಾಗ ಇಲ್ಲ, ತುಮಕೂರಿಗೆ ಹೋಗ್ಬೇಕು ಅಂದ್ಲು ಅನಿತಾ. ಒಂದು ದಿನ ಪೂರ್ತಿ ಹೋಯ್ತು.” ಅವಳು ಉಸಿರಿಗಾಗಿ ನಿಲ್ಲಿಸಿ, ಮತ್ತೆ ಶುರುಮಾಡಿದಳು. “ಸೋಮವಾರ ಗುರುವಾರ ಬೇಕು ಅಂತ ಕೇಳಿದ್ದೂ ನಾನೇ. ಹೆಂಗೂ ಆ ದಿನ ಪೇಟೆಗೆ ಬಂದೇ ಬತ್ತೀರಲ್ಲ, ನನಗೋಸ್ಕರ ಬೇರೆ ದಿನ ಕೆಡೋದು ಬ್ಯಾಡ ಅಂತ. ಒಳಗೆ ಹೋಗೋವಾಗಿನ ತೂಕ ಹೇಳ್ಬೇಡ ಅಂತ ಆ ಹುಡುಗಿಗೂ ನಾನೇ ಹೇಳಿದ್ದು. ಬೈಬೇಡಿ ಅವಳನ್ನ.”

“ಎಷ್ಟು ಬರ್ತಿತ್ತು?”

“ಬುಡಿ ಈಗ.”

“ಎಷ್ಟು, ವಿಮಲಾ?”

“ನೀವು ಹೊರಗೆ ಬಂದ ಮೇಲೆ ನೋಡಿ ಅಷ್ಟು ಖುಷಿ ಪಡ್ತಿದ್ರಿ,” ಎಂದಳು ವಿಮಲಮ್ಮ. “ಮನೇಲಿ ಖುಷಿ ಪಡೋಕೆ ಇನ್ನೇನಿತ್ತು ಹೇಳಿ.”

ಸಿಂಧು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಇಡ್ಲಿಯ ಪಾತ್ರೆ ತಳ ಹಿಡಿದ ವಾಸನೆ ಬರುತ್ತಿತ್ತು. ಬೆಟ್ಟಸ್ವಾಮಿ ಹೆಂಡತಿಯ ಕಾಲನ್ನೇ ನೋಡುತ್ತ ಕೂತ. ಸುತ್ತಲೂ ತೆಂಗಿನ ಮರ ಇಟ್ಟುಕೊಂಡು ಒಂದೂವರೆ ವರ್ಷದಿಂದ ಒಂದು ಗುಟುಕು ಎಳನೀರು ಕುಡಿಯದವಳು ಅವಳು. ಸಾರಿಗೆ ಕಾಯಿತುರಿ ಹಾಕುವುದನ್ನೂ ಬಿಟ್ಟಿದ್ದಳು. ಡಾಕ್ಟರು ಹೇಳಿದ ಪಥ್ಯದಲ್ಲಿ ತಪ್ಪಿದವಳಲ್ಲ. ಹೇಳಬೇಕಾದ ಒಂದೇ ಮಾತನ್ನು ಹೇಳದೆ ಇಟ್ಟುಕೊಂಡಿದ್ದಳು. ತಾನಾದರೂ ಒಂದು ಶನಿವಾರ ಕೇಳಿದ್ದರೆ? ಕೇಳಿದ್ದರೆ “ಚೆನ್ನಾಗಿದೀನಿ” ಎನ್ನುತ್ತಿದ್ದಳು, ತಾನು ಅದನ್ನೂ ಗುರುವಾರದ ತೂಕಕ್ಕೆ ಸೇರಿಸಿಕೊಳ್ಳುತ್ತಿದ್ದ.

ಅವನು ಎದ್ದ. “ಸಿಂಧೂ, ಕಾರು ತೆಗಿ.”

“ನಾಳೆ ಬೆಳಿಗ್ಗೆ ಇಲ್ಲೇ ಸರದಿ ಐತಲ್ಲ,” ಎಂದಳು ವಿಮಲಮ್ಮ.

“ನಾಳೆ ಗಂಟ ಯಾರು ನೋಡ್ತಾರೆ?”

ತುಮಕೂರಿನ ದೊಡ್ಡ ಆಸ್ಪತ್ರೆಯಲ್ಲಿ ವಿಮಲಮ್ಮನನ್ನು ಒಳಗೆ ಕರೆದೊಯ್ಯುವ ಮುನ್ನ ಗಾಲಿಕುರ್ಚಿಯ ಸಮೇತ ತೂಕ ಹಾಕಿ, ಕುರ್ಚಿಯ ತೂಕ ಕಳೆದು, ಐವತ್ತಮೂರು ಕೆಜಿ ಎಂದರು. ಬೆಟ್ಟಸ್ವಾಮಿಯ ಲೆಕ್ಕದ ಗುರುವಾರಕ್ಕೂ ಈ ಭಾನುವಾರಕ್ಕೂ ಹತ್ತಿರ ಹತ್ತಿರ ಐದು ಕೆಜಿ ಅಂತರ. ಅಷ್ಟು ನೀರನ್ನು ಹೊತ್ತುಕೊಂಡು ಅವಳು ಬೆಳಿಗ್ಗೆ ಕಾಫಿ ಕಾಸಿ ಫ್ಲಾಸ್ಕಿಗೆ ಹಾಕಿಟ್ಟಿದ್ದಳು. ಅವನು ತೋಟದಲ್ಲಿ ಕುಡಿದಿದ್ದ. ಸಂಜೆಯೇ ಡಯಾಲಿಸಿಸ್ ಮಾಡಿದರು. ಸೋಮವಾರ ಬೆಳಿಗ್ಗೆ ಹೃದಯದ ಸ್ಕ್ಯಾನ್ ಮಾಡಿಸಬೇಕೆಂದರು.

ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಗಂಗರಾಜುವಿನ ಫೋನ್ ಬಂತು.

“ಯಜಮಾನ್ರೇ, ಲಾಟು ಭಾರಿ ಬಂದವೆ. ಹುಳಿಯಾರು ಕಡೆಯದು, ಒಳ್ಳೇ ಮಾಲು. ನೀವು ಬರೋದು ಎಷ್ಟೊತ್ತಾಗ್ತದೆ? ದರ ಎಷ್ಟು ಹಾಕ್ಲಿ?”

“ಇವತ್ತು ಹಾಕ್ಬೇಡ.”

“ಒಂದೂ ಹಾಕ್ಬೇಡ್ವಾ?”

“ಬ್ಯಾಡ ಕಣಪ್ಪ. ಬಾಗಿಲು ಎಳ್ಕೊಂಡು ಮನೆಗೆ ಹೋಗು.”

ಅವನು ಫೋನ್ ಜೇಬಿಗಿಟ್ಟ. ಸಿಂಧು ಅಪ್ಪನ ಪಕ್ಕ ಸರಿದು ಕೂತಳು. “ಅಪ್ಪಾಜಿ, ನಾನು ಬರ್ತಿದ್ದದ್ದು ಬರೀ ಭಾನುವಾರ. ನಾನು ಕಂಡಿದ್ದೂ ಒಂದೇ ಕಡೆ. ಅಮ್ಮ ದಿನವೂ ಹೀಗೇ ಇರ್ತಾಳೇನೋ ಅಂತ ಹೆದರಿಕೊಂಡು ಹೋಗಿ, ಸೋಮವಾರ ಸಾಯಂಕಾಲ ಫೋನ್ ಮಾಡಿದ್ರೆ ಚೆನ್ನಾಗಿ ಮಾತಾಡ್ತಿದ್ಲು. ನಂದೇ ಅತಿಯಾಯ್ತು ಅನ್ಕೋತಿದ್ದೆ.” ಒಂದೇ ದಿನ ನೋಡಿ ತೆಗೆದ ಲೆಕ್ಕವನ್ನು ನಂಬಬಾರದು ಎಂದು ಪಾಠದಲ್ಲಿ ದಿನವೂ ಹುಡುಗರಿಗೆ ಹೇಳುವವಳು ಅವಳೇ.

ಹೃದಯದ ಡಾಕ್ಟರು ನಡುವಯಸ್ಸಿನ ಹೆಂಗಸು. ಇಬ್ಬರನ್ನೂ ಕೂರಿಸಿ ನಿಧಾನವಾಗಿ ಹೇಳಿದರು. ಒಂದು ಸಲ ಹಿಂಡಿದಾಗ ಹೃದಯ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲನ್ನು ಹೊರಗೆ ತಳ್ಳುತ್ತದೆ ಎಂಬುದಕ್ಕೆ ಒಂದು ಅಳತೆಯಿದೆ. ಆರೋಗ್ಯವಂತರಲ್ಲಿ ಅದು ಐವತ್ತೈದಕ್ಕಿಂತ ಮೇಲೆ ಇರುತ್ತದೆ. ಇವರದು ಅದರ ಅರ್ಧದ ಹತ್ತಿರ ಇದೆ. ವಾರವಾರವೂ ನೀರು ತುಂಬಿ, ಇಳಿದು, ತುಂಬಿ ಹೃದಯ ಹಿಗ್ಗಿಹೋಗಿದೆ.

“ಆದ್ರೆ ಮೇಡಂ, ಡಯಾಲಿಸಿಸ್ ಆದ ಮೇಲೆ ತೂಕ ಯಾವತ್ತೂ ಅಷ್ಟೇ ಬರ್ತಿತ್ತು,” ಎಂದ ಬೆಟ್ಟಸ್ವಾಮಿ. ಅದೊಂದಾದರೂ ತನ್ನ ಕಡೆಗಿರಲಿ ಎಂಬಂತಿತ್ತು ಅವನ ದನಿ.

“ಅದೂ ಒಳ್ಳೆಯದಲ್ಲ, ಯಜಮಾನ್ರೇ. ಆರೇಳು ತಿಂಗಳಲ್ಲಿ ಅವರ ಮಾಂಸಖಂಡ ಕರಗಿದೆ. ತೋಳು ನೋಡಿ. ಮೈ ಕರಗಿದಷ್ಟು ತೂಕ ಕಡಿಮೆ ಆಗಬೇಕಿತ್ತು. ಆ ಜಾಗದಲ್ಲಿ ನೀರು ಉಳಿದುಕೊಂಡಿದೆ. ಅದಕ್ಕೇ ಅಂಕಿ ಅಲ್ಲಾಡದೆ ನಿಂತ ಹಾಗೆ ಕಂಡಿದೆ.”

ಬೆಟ್ಟಸ್ವಾಮಿ ಮೇಜಿನ ಕಡೆ ಬಗ್ಗಿ ಕೇಳಿದ: “ಇದೂ ಏರೋದು ಇಳಿಯೋದು ಇರ್ತದಲ್ವಾ, ಮೇಡಂ? ಇವತ್ತು ಸುಸ್ತಾಗಿ ಕಮ್ಮಿ ಬಂದಿರಬಹುದು. ನಾಳೆಯೋ ನಾಡಿದ್ದೋ ನೋಡಿದ್ರೆ...”

“ಒಂದೆರಡು ಅಂಕಿ ಆಚೀಚೆ ಆಗಬಹುದು. ಆದರೆ ಇದು ದಿನಕ್ಕೊಂದು ಥರ ಆಗೋದಲ್ಲ. ತಿಂಗಳುಗಟ್ಟಲೆ ಇಳಿದು ಇಲ್ಲಿಗೆ ಬಂದಿರೋದು. ಇನ್ನು ಮೇಲೆ ವಾರಕ್ಕೆ ಮೂರು ಸಲ ಮಾಡಿಸೋಣ, ಮಾತ್ರೆ ಕೊಡ್ತೀನಿ. ಇನ್ನೂ ಇಳೀದ ಹಾಗೆ ಹಿಡಿಯೋಕೆ ಪ್ರಯತ್ನ ಮಾಡೋಣ.” ವಾಪಸ್ಸು ಏರಿಸೋಣ ಎಂಬ ಮಾತನ್ನು ಅವರು ಆಡಲಿಲ್ಲ. ಅಪ್ಪ ಮಗಳು ಇಬ್ಬರೂ ಅದನ್ನು ಗಮನಿಸಿದರು.

ವಾರ್ಡಿನಲ್ಲಿ ವಿಮಲಮ್ಮ ಮಂಚದ ತಲೆಭಾಗ ಎತ್ತಿಸಿಕೊಂಡು ಒರಗಿದ್ದಳು. ಮುಖದ ಊತ ಇಳಿದು, ಕೆನ್ನೆಯ ಎಲುಬು ಕಾಣುತ್ತಿತ್ತು. ಬೆಟ್ಟಸ್ವಾಮಿ ಅವಳ ಸೂಜಿ ಚುಚ್ಚದ ಕೈಯನ್ನು ಹಿಡಿದುಕೊಂಡು ಕೂತ. ತೋಳು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಸಿಕ್ಕುವಷ್ಟು ತೆಳ್ಳಗಾಗಿತ್ತು. ದಿನವೂ ತನ್ನ ತಟ್ಟೆಗೆ ಬಡಿಸುತ್ತಿದ್ದ ತೋಳು ಅದು.

“ಟೆಂಡರ್ ಹೊತ್ತಾಯ್ತಲ್ಲ, ಹೋಗ್ಲಿಲ್ವಾ?” ಎಂದಳು.

“ಇಲ್ಲ.”

“ಡಾಕ್ಟ್ರು ಏನಂದ್ರು?”

ಸಿಂಧು ಅಪ್ಪನ ಕಡೆ ನೋಡಿದಳು. ‘ಚೆನ್ನಾಗಿದೆ ಅಂದ್ರು’ ಎನ್ನುವ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಆ ಮನೆಯಲ್ಲಿ ಆ ಮಾತನ್ನು ಆಡಿ ಆಡಿ ಸವೆಸಿಯಾಗಿತ್ತು.

“ಹಾರ್ಟ್ ಎಷ್ಟು ಪಂಪ್ ಮಾಡ್ತದೆ ಅಂತ ಅಳೆದ್ರು,” ಎಂದ. “ಐವತ್ತೈದರ ಮೇಲೆ ಇರಬೇಕಂತೆ.”

“ನಂದೆಷ್ಟಂತೆ?”

“ಇಪ್ಪತ್ತೆಂಟು, ವಿಮಲಾ. ನೂರಕ್ಕೆ ಇಪ್ಪತ್ತೆಂಟು.”